ಹತ್ತು ನಿಮಿಷದ ಭಾಷಣ, ಹತ್ತು ಅಚ್ಚು

‘ಗೀಟು ಅಂದರೇನು’ ಎಂಬ ಭಾಷಣಕ್ಕೆ ನಮ್ಮ ಸರ್ ಸರಿಯಾಗಿ ಹತ್ತು ನಿಮಿಷ ತೆಗೆದುಕೊಳ್ಳುತ್ತಾರೆ. ಊಹೆಯ ಮಾತಲ್ಲ, ಮೊಬೈಲಿನಲ್ಲಿ ಮೂರು ಸಲ ಅಳೆದಿದ್ದೇನೆ. ಮೊದಲು ಗಂಟಲು ಸರಿಮಾಡಿಕೊಳ್ಳುತ್ತಾರೆ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುತ್ತಾರೆ. “ಗೀಟು ಅಂದ್ರ ಬರೇ ಗೀಟಲ್ಲೋ ತಮ್ಮಾ” ಎಂದು ಶುರುಮಾಡಿ, “ತಿಳೀತಿಲ್ಲೋ? ತಿಳೀಲಿಲ್ಲಂದ್ರ ಮತ್ತೊಮ್ಮೆ ಹೇಳತೇನಿ” ಎಂದು ಮುಗಿಸುತ್ತಾರೆ. ಇಡೀ ಭಾಷಣವನ್ನು ಅವರದೇ ದನಿಯಲ್ಲಿ, ನಡುವಿನ ಎರಡು ಕೆಮ್ಮಿನ ಸಮೇತ, ನಾನು ಒಪ್ಪಿಸಬಲ್ಲೆ. ಹೀಗಾಗಿ ಚಿತ್ರ ಕೊರೆಯಲು ತಾಮ್ರದ ತಗಡನ್ನು ದ್ರಾವಣದಲ್ಲಿ ಬಿಟ್ಟಾಗ ನನಗೆ ಗಡಿಯಾರ ಬೇಕಾಗುತ್ತಿರಲಿಲ್ಲ. ಕೈಗೆ ರಬ್ಬರಿನ ಗವಸು ಹಾಕಿಕೊಂಡಿರುವಾಗ ಮೊಬೈಲ್ ಮುಟ್ಟುವಂತಿಲ್ಲ. ಬಾಯಿ ಹೇಗೂ ಖಾಲಿ ಇರುತ್ತದೆ. ತೆಳು ಗೀಟಿಗೆ ಒಂದು ಭಾಷಣ, ಕಪ್ಪು ಗೀಟಿಗೆ ಎರಡು, ಕಡುಗಪ್ಪಿಗೆ ಮೂರು.

ಈ ಜಾಣತನವೇ ನನಗೆ ಮುಳುವಾಯಿತು.

ಸರ್ ಜಮಖಂಡಿಯ ಒಂದು ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಬಜಾರಿನ ಹಿಂದಿನ ಓಣಿಯಲ್ಲಿ ಅವರದೊಂದು ಬಾಡಿಗೆ ಕೋಣೆ. ಕೋಣೆಯ ತುಂಬ ಒಂದೇ ಒಂದು ವಸ್ತು: ಎಚಿಂಗ್ ಪ್ರೆಸ್, ಕೊರೆದ ತಗಡಿನಿಂದ ಕಾಗದಕ್ಕೆ ಚಿತ್ರದ ಅಚ್ಚೊತ್ತುವ ಯಂತ್ರ. ಮೇಲೊಂದು ಕೆಳಗೊಂದು ಉಕ್ಕಿನ ಉರುಳೆ, ನಡುವೆ ಹಿಂದೆಮುಂದೆ ಜಾರುವ ಕಬ್ಬಿಣದ ಹಲಗೆ, ಪಕ್ಕದಲ್ಲಿ ಬಂಡಿಯ ಗಾಲಿಯಂಥ ಚಕ್ರ. ಆರು ವರ್ಷದ ಹಿಂದೆ ಮೊದಲ ಸಲ ಅದನ್ನು ನೋಡಿದಾಗ ಕಬ್ಬಿನ ಹಾಲು ತೆಗೆಯುವ ಯಂತ್ರವೆಂದು ತಿಳಿದು, “ಸರ್, ಒಂದ್ ಗ್ಲಾಸ್, ಬರ್ಫ ಬ್ಯಾಡ” ಎಂದಿದ್ದೆ. ಸರ್ ನಗಲಿಲ್ಲ. ಮರುದಿನದಿಂದ ನಾನು ಬನಹಟ್ಟಿಯಿಂದ ಬಸ್ಸು ಹತ್ತಿ ಅಲ್ಲಿಗೆ ಹೋಗಲು ಶುರುಮಾಡಿದೆ.

ಕಳೆದ ಚಳಿಗಾಲದಲ್ಲಿ ಕೋಣೆಯ ಮಾಲೀಕರು ಅಲ್ಲಿ ಮೊಬೈಲ್ ಅಂಗಡಿ ಹಾಕಿಸುತ್ತೇವೆ, ಖಾಲಿ ಮಾಡಿರಿ ಎಂದರು. ಪ್ರೆಸ್ಸನ್ನು ಇಡಲು ಸರ್ ಮನೆಯಲ್ಲಿ ಜಾಗವಿರಲಿಲ್ಲ. ಅಷ್ಟರಲ್ಲಿ ಕೊಲ್ಲಾಪುರದ ಕಡೆಯ ಹೋಟೆಲ್ಲಿನವರೊಬ್ಬರು ಬಂದು ನೋಡಿ, ತಮ್ಮ ಹೋಟೆಲ್ಲಿನ ಬಾಗಿಲಲ್ಲಿ ಶೋಭೆಗೆ ಇಡುತ್ತೇವೆ, ಮೇಲೆ ಹೂವಿನ ಕುಂಡ ಚೆಂದ ಕಾಣುತ್ತದೆ ಎಂದರು. ಸರ್ ಹೂಂ ಎಂದೂ ಬಿಟ್ಟರು. ಮೂರು ವಾರದ ನಂತರ ಒಂದು ಸೋಮವಾರ ಟೆಂಪೊ ಬರುವುದೆಂದು ನಿಕ್ಕಿಯಾಯಿತು.

ನಮ್ಮ ಮನೆಯ ಮಗ್ಗದ ಶೆಡ್ಡಿನಲ್ಲಿ, ಕೆಟ್ಟು ಕೂತ ಒಂದು ಮಗ್ಗ ತೆಗೆದರೆ, ಪ್ರೆಸ್ಸಿಗೆ ಸರಿಯಾಗುವಷ್ಟು ಜಾಗವಿತ್ತು.

“ಸರ್, ನನಗ ಕೊಡ್ರಿ.”

“ನಿನಗ? ನೀ ಅದರ ಮುಂದ ನಿಂತು ಅದರ ದನಿನೂ ತಗೀತಿ. ಕಿರ್ರ್, ಕಟ್, ಕಿರ್ರ್. ಬಂದವರು ನಗತಾರ. ಆಮ್ಯಾಲ ಅದು ಜಂಗು ಹಿಡೀತೈತಿ.”

“ಹಂಗಲ್ರೀ ಸರ್, ಹಂಗಲ್ಲ. ಕೆಲಸ ಮಾಡತೇನ್ರಿ.”

ಸರ್ ಕನ್ನಡಕ ಒರೆಸಿಕೊಂಡರು. “ಒಂದ ತಗಡಿನಿಂದ ಹತ್ತು ಅಚ್ಚು ತಗದು ತೋರಸು. ಹತ್ತೂ ಒಂದ ತಾಯಿ ಮಕ್ಕಳಂಗ ಇರಬೇಕು. ಒಂದು ಛಲೋ ಬಂತಂದ್ರ ಅದು ದೈವ. ಹತ್ತು ಛಲೋ ಬಂದ್ರ ಅದು ಕೆಲಸ. ಟೆಂಪೊ ಬರೂದ್ರಾಗ ತೋರಿಸಿದ್ರ ಪ್ರೆಸ್ ನಿಂದು. ಹೋಟೆಲ್ಲಿನವರಿಗೆ ನಾ ಹೇಳಕೋತೇನಿ.”

ಇಷ್ಟು ಹೇಳಿ ಕಪಾಟಿನಿಂದ ಗೇಣುದ್ದದ ಒಂದು ತಾಮ್ರದ ತಗಡು ತೆಗೆದುಕೊಟ್ಟರು. ಅವರ ಹತ್ತಿರ ಉಳಿದಿದ್ದ ಕೊನೆಯದು. ಹದಿನೈದು ಹಾಳೆ ದಪ್ಪ ಕಾಗದವನ್ನೂ ಕೊಟ್ಟರು. ಅದೂ ಕೊನೆಯದೇ.

ಮೊದಲು ಎದುರಾದದ್ದು ಕಂಬಳಿಯ ಪ್ರಶ್ನೆ. ಉರುಳೆಗೂ ಕಾಗದಕ್ಕೂ ನಡುವೆ ಮೆತ್ತನೆಯ ಉಣ್ಣೆಯ ಹೊದಿಕೆ ಬೇಕು. ಉರುಳೆ ತುಳಿದಾಗ ಆ ಉಣ್ಣೆಯೇ ಒದ್ದೆ ಕಾಗದವನ್ನು ತಗಡಿನ ಸಣ್ಣ ಸಣ್ಣ ಗೀಟುಗಳೊಳಗೆ ನೂಕುತ್ತದೆ. ಗೀಟಿನಲ್ಲಿ ಕೂತ ಮಸಿಯನ್ನು ಕಾಗದ ಅಲ್ಲಿಂದ ಎತ್ತಿಕೊಂಡು ಬರುತ್ತದೆ. ಸರ್ ಹತ್ತಿರವಿದ್ದ ಹಳೆಯ ಹೊದಿಕೆಯನ್ನು ನುಸಿ ಜರಡಿ ಮಾಡಿಟ್ಟಿತ್ತು. ಆಗ ಅವರು ಹೇಳಿಕಳಿಸಿದ್ದು ಚಿಕ್ಕಪಡಸಲಗಿ ಕಡೆಯ ಕುರಿ ಕಾಯುವ ಅಜ್ಜನಿಗೆ. ಅಜ್ಜನ ಮೊಮ್ಮಕ್ಕಳು ಸರ್ ಕೈಯಲ್ಲಿ ಓದಿದವರು. ಸಂತೆಯ ದಿನ ಅಜ್ಜ ಹೊಸ ಕರಿಕಂಬಳಿ ಹೆಗಲ ಮೇಲೆ ಹಾಕಿಕೊಂಡು ಬಂದ. ಆಳುದ್ದದ ಕೋಲು, ಬೀರದೇವರ ಭಂಡಾರದ ಅರಿಸಿನ ಹಚ್ಚಿದ ಹಣೆ, ಅದರ ಕೆಳಗೆ ಒಂದು ಮೀಸೆ. ಮೀಸೆ ಎಂದರೆ ಏನು ಹೇಳಲಿ! ಟಗರಿನ ಕೊಂಬು ಎರಡನ್ನು ಕಿತ್ತು ಮೂಗಿನ ಕೆಳಗೆ ಅಂಟಿಸಿದಂತೆ.

ಅಜ್ಜ ಮಾತಿಗೆ ಮುಂಚೆ “ಹ್ಞಾಂ” ಎಂದು ಎಡಮೀಸೆ ತಿರುವುತ್ತಾನೆ. ಮಾತು ಮುಗಿದ ಮೇಲೆ “ಹ್ಞಾಂ” ಎಂದು ಬಲಮೀಸೆ. ಹತ್ತು ನಿಮಿಷದಲ್ಲಿ ನಾನು ಅವನನ್ನು ಕಲಿತುಬಿಟ್ಟೆ. ತಗಡಿನ ಮೇಲೆ ಯಾರನ್ನು ಕೂರಿಸಬೇಕೆಂಬುದೂ ಅಲ್ಲೇ ತೀರ್ಮಾನವಾಯಿತು.

ಹೊಸ ಕಂಬಳಿ ಹಾಸಿ, ಒಂದು ಹಳೆಯ ತಗಡಿನಿಂದ ಪರೀಕ್ಷೆಗೆ ಅಚ್ಚು ತೆಗೆದೆವು. ಚಿತ್ರದ ತುಂಬ ರಾಗಿ ಚೆಲ್ಲಿದಂತೆ ಚುಕ್ಕೆಗಳು! ಕಂಬಳಿಯ ನೇಯ್ಗೆಯೇ ಕಾಗದದ ಮೇಲೆ ಮೂಡಿತ್ತು. ಅಜ್ಜ ಹಾಳೆಯನ್ನು ಹೆಬ್ಬೆರಳಿನಿಂದ ಸವರಿ ನೋಡಿದ.

“ಹ್ಞಾಂ. ಹೊಸಾ ಕಂಬಳಿಗೆ ಸೊಕ್ಕು ಭಾಳ, ಮಾಸ್ತರ. ಇದನ್ನ ತಗೋರಿ” ಎಂದು ತಾನು ಹೊದ್ದು ಬಂದಿದ್ದ ಹಳೆಯದನ್ನು ಬಿಚ್ಚಿ ಕೊಟ್ಟ. “ಮಳಿ, ಬಿಸಲು, ಕುರಿ ಕಾಲು ಎಲ್ಲಾ ಉಂಡೈತಿ. ಎಳಿ ಯಾವ್ದು ಅಂತ ದೇವರಿಗೂ ಗೊತ್ತಾಗಂಗಿಲ್ಲ. ಆದ್ರ ಕಾಲಾಗ ಹಾಕಿ ತುಳಿಬ್ಯಾಡ್ರಿ, ನೆಲಕ್ಕ ಹಾಸಬ್ಯಾಡ್ರಿ. ಕೆಲಸ ಆದಮ್ಯಾಲ ನಂದು ನನಗ ಬೇಕು. ಹ್ಞಾಂ.”

ನಾಲ್ಕು ಮಡಿಕೆ ಮಾಡಿ ಹಾಕಿ, ಅದೇ ಹಾಳೆಯ ಹಿಂಬದಿಗೆ ಇನ್ನೊಂದು ಅಚ್ಚು ತೆಗೆದೆವು. ಚುಕ್ಕೆ ಮಾಯ. ಅಜ್ಜ ಹೊಸ ಕಂಬಳಿ ಹೊದ್ದು, ಮೈ ಚುಚ್ಚುತ್ತದೆಂದು ಬೈಯುತ್ತಾ ಹೋದ. ಅವನು ಓಣಿ ದಾಟುವುದರೊಳಗೆ ನಾನು ಅವನ ಬೈಗುಳ ಹಾಗೇ ಒಪ್ಪಿಸಿ ಸರ್‌ಗೆ ತೋರಿಸಿದೆ. ಸರ್ ಕಿಟಕಿಯ ಹೊರಗೆ ನೋಡಿದರು.

ತಗಡಿನ ಕೆಲಸವನ್ನು ಮನೆಯಲ್ಲೇ ಮಾಡಿದೆ. ನಾಲ್ಕೂ ಅಂಚನ್ನು ಅರದಿಂದ ಇಳಿಜಾರಾಗಿ ಉಜ್ಜಿದೆ. ಇಲ್ಲದಿದ್ದರೆ ಅದು ಕಾಗದವನ್ನೂ ಕಂಬಳಿಯನ್ನೂ ಕತ್ತರಿಸುತ್ತದೆ. ಖಡು, ಅಂದರೆ ಸೀಮೆಸುಣ್ಣದ ಪುಡಿಯಿಂದ ಜಿಡ್ಡು ತೆಗೆದೆ. ಮೇಲೆ ನೀರು ಬಿಟ್ಟರೆ ಎಲ್ಲೂ ಒಡೆಯದೆ ಒಂದೇ ಪರದೆಯಂತೆ ಇಳಿಯಬೇಕು, ಆಗ ಜಿಡ್ಡು ಹೋಯಿತೆಂದು ಅರ್ಥ. ಜೇನುಮೇಣ, ರಾಳ, ಡಾಂಬರು ಕೂಡಿಸಿ ಕಾಸಿದ ಉಂಡೆಯನ್ನು ಬಿಸಿ ತಗಡಿನ ಮೇಲೆ ಕರಗಿಸಿ ತೆಳ್ಳಗೆ ಬಳಿದೆ. ಕೊನೆಗೆ ತಗಡನ್ನು ಬೋರಲು ಹಿಡಿದು ಕೆಳಗೆ ಚಿಮಣಿ ದೀಪದ ಹೊಗೆ ಕೊಟ್ಟೆ. ಮೇಣ ಹೊಗೆ ಕುಡಿದು ಕನ್ನಡಿಯಂತೆ ಕಪ್ಪಾಗುತ್ತದೆ. ಅದರ ಮೇಲೆ ಸೂಜಿ ಎಳೆದರೆ ಒಳಗಿನ ತಾಮ್ರ ಕೆಂಡದ ಎಳೆಯಂತೆ ಕಾಣುತ್ತದೆ.

ಅವ್ವ ಕಂಡಿಕೆಗೆ ನೂಲು ಸುತ್ತುತ್ತಾ ಇದನ್ನೆಲ್ಲ ನೋಡುತ್ತಿದ್ದಳು.

“ಏನ್ ಮಾಡಾಕತ್ತೀಲೇ? ತಿಳಿಯೂ ಹಂಗ ಹೇಳು.”

“ಮೇಣದ ಮ್ಯಾಲ ಸೂಜೀಲೆ ಚಿತ್ರ ತಗೀತೇನಿ ಬೇ. ಸೂಜಿ ಹೋದಲ್ಲಿ ಮೇಣ ಹೋಗತೈತಿ. ಆಮ್ಯಾಲ ಈ ಕಂದು ನೀರಾಗ ಇಟ್ರ, ಮೇಣ ಇಲ್ಲದಲ್ಲಿ ಅಷ್ಟ ತಾಮ್ರ ತಿಂತೈತಿ.”

“ನೂಲಿಗೆ ಬಣ್ಣ ಹಾಕೂ ಮುಂದ ಕಟ್ಟಿದಲ್ಲಿ ಬಣ್ಣ ಹತ್ತಂಗಿಲ್ಲ, ಹಂಗ ಅನ್ನು.”

“ಹಂಗ.”

“ಅಂದ್ರ ತಾಮ್ರದ ಮ್ಯಾಲ ಚಿತ್ರ ತಗಿಯಾಂವ ನೀ ಅಲ್ಲ. ಆ ನೀರು.”

“ಹಂಗಲ್ಲ ಬೇ, ಹಂಗಲ್ಲ…” ಎಂದು ಶುರುಮಾಡಿದೆ. ಆರು ವರ್ಷದಲ್ಲಿ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಗೀಟು ಎಲ್ಲಿರಬೇಕೆಂದು ಸೂಜಿ ಹೇಳುತ್ತದೆ, ಎಷ್ಟು ಆಳವೆಂದು ಹೊತ್ತು ಹೇಳುತ್ತದೆ. ಹಾಗಾದರೆ ನಾನು ಹೇಳುವುದೇನು?

“ಕುತ್ತಿಗಿ ಹಿಂದ ಮಸಿ ಹೆಂಗ ಹತ್ತಸ್ಕೊಂಡೀಲೇ?” ಎಂದಳು ಅವ್ವ. ಕೈಯಿಂದ ಒರೆಸಲು ಹೋಗಿ ಇನ್ನಷ್ಟು ಹಚ್ಚಿಕೊಂಡೆ.

ಕಂದು ನೀರೆಂದರೆ ಫೆರಿಕ್ ಕ್ಲೋರೈಡ್. ರಬಕವಿಯಲ್ಲಿ ಮಗ್ಗಗಳ ಎಲೆಕ್ಟ್ರಾನಿಕ್ ಬೋರ್ಡು ರಿಪೇರಿ ಮಾಡುವವರ ಹತ್ತಿರ ಸಿಗುತ್ತದೆ. ಅವರೂ ಅದರಿಂದ ತಾಮ್ರವನ್ನೇ ತಿನ್ನಿಸುತ್ತಾರೆ, ಚಿತ್ರದ ಬದಲು ಸರ್ಕ್ಯೂಟು ಬರೆದು. ನೋಡಲು ಕಷಾಯ, ಬಟ್ಟೆಗೆ ಬಿದ್ದರೆ ಜನ್ಮಕ್ಕೂ ಹೋಗದ ಕಲೆ. ತಗಡನ್ನು ಅದರಲ್ಲಿ ಬೋರಲು ಇಳಿಬಿಡಬೇಕು. ಮೇಲ್ಮುಖವಾಗಿ ಇಟ್ಟರೆ ಕರಗಿದ ತಾಮ್ರದ ಗಸಿ ಗೀಟಿನೊಳಗೇ ಕೂತು ಮುಂದಿನ ಕೆಲಸ ನಿಲ್ಲಿಸುತ್ತದೆ.

ಅಜ್ಜನ ಮುಖ ಬರೆದಿದ್ದೆ. ನಿಜ ಹೇಳಬೇಕೆಂದರೆ ಮೀಸೆ ಬರೆದು, ಅದಕ್ಕೆ ಆಸರೆಯಾಗಿ ಒಂದು ಮುಖ ಇಟ್ಟಿದ್ದೆ. ಮೀಸೆಗೆ ಅಡ್ಡ, ಉದ್ದ, ಮೂಲೆ ಎಂದು ನಾಲ್ಕು ಸುತ್ತು ಗೀಟು ಒತ್ತೊತ್ತಾಗಿ ಎಳೆದಿದ್ದೆ. ನೋಡಿದವರು ನಗಬೇಕು, ಅಷ್ಟೇ ನನ್ನ ಆಸೆ.

ಮೊದಲ ಭಾಷಣ ಮುಗಿಸಿ ತಗಡು ತೆಗೆದೆ, ತೊಳೆದೆ. ಹಣೆಯ ತೆಳು ಗೆರೆಗಳಿಗೆ ಅಷ್ಟೇ ಸಾಕು. ಅವುಗಳ ಮೇಲೆ ವಾರ್ನಿಷ್ ಬಳಿದು ಬಾಯಿ ಮುಚ್ಚಿದೆ. ಮತ್ತೆ ಇಳಿಬಿಟ್ಟು ಇನ್ನೊಂದು ಭಾಷಣ. ಕೆನ್ನೆಯ ಗೀಟುಗಳಿಗೆ ವಾರ್ನಿಷ್. ಇನ್ನು ಮೀಸೆಯೊಂದೇ ಬಾಕಿ, ಮೂರನೆಯ ಭಾಷಣ. “ಗೀಟು ಅಂದ್ರ ಬರೇ ಗೀಟಲ್ಲೋ ತಮ್ಮಾ” ಎಂದೆ.

ಆಗ ಕರೆಂಟು ಹೋಯಿತು.

ಮಗ್ಗಗಳು ನಿಂತರೆ ಬನಹಟ್ಟಿಯಲ್ಲಿ ಒಂದು ಥರದ ಮೌನ ಬೀಳುತ್ತದೆ. ಕಿವಿಯಿಂದ ಹತ್ತಿ ತೆಗೆದಂತೆ. ಆ ಮೌನದಲ್ಲಿ ನನ್ನ ದನಿ ಓಣಿಗೆಲ್ಲ ಕೇಳಿತು. ಪಕ್ಕದ ಶೆಡ್ಡಿನ ನೇಕಾರರಿಬ್ಬರು ಬೀಡಿ ಹಚ್ಚಿ ಬಂದು ಕಟ್ಟೆಯ ಮೇಲೆ ಕೂತರು.

“ಯಾರ ದನಿಲೇ ಅದು?”

“ನಮ್ಮ ಸರ್ ಅವರದು.”

“ಛಲೋ ಐತಿ. ತೇರದಾಳ ಬಸ್ಸಿನ ಕಂಡಕ್ಟರಂದ ತಗಿ ನೋಡೋಣು.”

ತೆಗೆದೆ. ಚಿಲ್ಲರೆ ಇಲ್ಲವೆಂದು ಅವನು ಮುದುಕಿಯೊಬ್ಬಳ ಜೊತೆ ಜಗಳವಾಡುವ ಭಾಗಕ್ಕೆ ಅವರು ಉರುಳಾಡಿ ನಕ್ಕರು. ಜಗಳವನ್ನು ಇನ್ನೊಂದು ಸ್ಟಾಪಿನವರೆಗೆ ಎಳೆದೆ. ಆಮೇಲೆ ಅಜ್ಜನನ್ನು ತೆಗೆದೆ. “ಹ್ಞಾಂ” ಎಂದರೆ ಸಾಕು, ಬಿದ್ದು ಬಿದ್ದು ನಗುತ್ತಿದ್ದರು. ಮತ್ತೊಮ್ಮೆ ಎಂದರು. ಕೊಟ್ಟೆ. ಕರೆಂಟು ಬಂತು, ಅವರು ಎದ್ದು ಹೋದರು. ನಾನು ಗೆದ್ದ ಪೈಲ್ವಾನನಂತೆ ನಿಂತಿದ್ದೆ.

“ಲೇ, ನಿನ್ನ ತಗಡ ಇನ್ನೂ ನೀರಾಗ ಐತೋ, ಇಲ್ಲಾ ಕರಗಿ ಹೋತೋ?” ಎಂದಳು ಅವ್ವ.

ಮರುದಿನ ಜಮಖಂಡಿಯಲ್ಲಿ ಮೊದಲ ಅಚ್ಚು. ಮಸಿ ಹಚ್ಚುವುದು ಸುಲಭ, ಒರೆಸುವುದು ಕಷ್ಟ. ಬಿಸಿ ತಗಡಿನ ತುಂಬ ಗಟ್ಟಿ ಮಸಿ ತೀಡಿ ಪ್ರತಿ ಗೀಟಿನಲ್ಲೂ ತುಂಬಬೇಕು. ಆಮೇಲೆ ಮೇಲಿನದೆಲ್ಲ ಒರೆಸಿ, ಗೀಟಿನೊಳಗಿನದನ್ನು ಮಾತ್ರ ಬಿಡಬೇಕು. ಅದಕ್ಕೆ ಜಾಳಾಗಿ ನೇಯ್ದ, ಗಂಜಿ ಹಾಕಿದ ಬಿರುಸು ಅರಿವೆ ಬೇಕು. ಈ ಒಂದು ವಿಷಯದಲ್ಲಿ ನಾನು ಶ್ರೀಮಂತ: ಅವ್ವ ಹಾಕಿದ ಗಂಜಿಯ ಅರಿವೆ ರೊಟ್ಟಿಯಂತೆ ನೆಟ್ಟಗೆ ನಿಲ್ಲುತ್ತದೆ. ಕೊನೆಗೆ ಅಂಗೈಗೆ ಖಡುವಿನ ಪುಡಿ ಸವರಿಕೊಂಡು ತಗಡಿನ ಮೈಯನ್ನು ಹಗುರವಾಗಿ ಉಜ್ಜಿ ಮಿಂಚಿಸಿದೆ. ಒದ್ದೆ ಕಾಗದ ಹಾಕಿ, ಕಂಬಳಿ ಹೊದಿಸಿ, ಚಕ್ರ ತಿರುಗಿಸಿದೆ. ಕಾಗದದ ಎರಡು ಮೂಲೆ ಹಿಡಿದು ಮೆಲ್ಲಗೆ ಎತ್ತಿದೆ.

ಹಣೆ ಇತ್ತು. ಕಣ್ಣಿತ್ತು. ಮೀಸೆಯ ಜಾಗದಲ್ಲಿ ಬೂದು ಬಣ್ಣದ ಒಂದು ಬೋಳು ಮೈದಾನ. ಸುತ್ತ ಕಪ್ಪು ಅಂಚು. ಅಜ್ಜ ಈಗಷ್ಟೇ ಕ್ಷೌರದ ಅಂಗಡಿಯಿಂದ ಎದ್ದು ಬಂದಂತಿದ್ದ, ಅದೂ ಜಗಳವಾಡಿಕೊಂಡು.

ಸರ್ ತಗಡನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರು. “ಗೀಟು ಗೀಟು ಕೂಡಿ ನಡುವಿನ ಗ್ವಾಡಿ ಬಿದ್ದಾವು. ಈಗ ಅದು ಗೀಟಲ್ಲ, ತಗ್ಗು. ತಗ್ಗಿನಾಗ ಮಸಿ ನಿಲ್ಲೂದಿಲ್ಲ, ಅರಿವಿ ಬಂದು ಒರಸ್ಕೊಂಡು ಹೋಗತೈತಿ. ಎಷ್ಟ ಹೊತ್ತು ಬಿಟ್ಟಿದ್ದಿ?”

“ಮೂರು ಭಾಷಣ, ಸರ್.”

ಬಾಯಿ ಜಾರಿತ್ತು.

“ಏನು?”

“ಹಂಗಲ್ರೀ ಸರ್, ಹಂಗಲ್ಲ…”

“ಯಾರ ಭಾಷಣ?”

ಹೇಳಬೇಕಾಯಿತು. ಎಲ್ಲವನ್ನೂ ಹೇಳಿದೆ: ಹತ್ತು ನಿಮಿಷ, ಎರಡು ಕೆಮ್ಮು, ಕರೆಂಟು, ಕಂಡಕ್ಟರು. ಸರ್ ತಗಡನ್ನು ಮೇಜಿನ ಮೇಲಿಟ್ಟರು. ಬೈದಿದ್ದರೆ ಒಂದು ಹೊಸ ಐಟಮ್ಮಾದರೂ ಸಿಗುತ್ತಿತ್ತು.

“ನನ್ನ ಭಾಷಣ ಹತ್ತು ನಿಮಿಷ ಐತೇನು?” ಎಂದರು ಕೊನೆಗೆ. “ನಾ ಮೂರು ಅಂತ ತಿಳಕೊಂಡಿದ್ದೆ.”

ಹೊಸ ತಗಡನ್ನು ಪುಣೆಯಿಂದ ತರಿಸಬಹುದಿತ್ತು, ಆದರೆ ಸೋಮವಾರದೊಳಗೆ ಅದು ಬಂದು ಮುಟ್ಟುತ್ತಿರಲಿಲ್ಲ. ಇನ್ನೊಂದು ದಾರಿ ತಗ್ಗಿನ ಸುತ್ತಲಿನ ತಾಮ್ರವನ್ನು ಕೆರೆದು, ಉಜ್ಜಿ, ತಗ್ಗಿನ ಮಟ್ಟಕ್ಕೆ ಇಳಿಸುವುದು. ಇಡೀ ಮೀಸೆಯಷ್ಟು ಜಾಗ ಅಂದರೆ ವಾರಗಟ್ಟಲೆ ಕೆಲಸ. “ನಾ ಆಗಿದ್ರ ಕೈ ಬಿಡತಿದ್ದೆ” ಎಂದು ಸರ್ ಚಹಾ ತರಲು ಹೋದರು. ಪ್ರೆಸ್ಸಿನ ಚಕ್ರದ ಮೇಲೆ ಕೈಯಿಟ್ಟುಕೊಂಡು ಕೂತೆ. ಅದರ ಮೇಲೆ ಹೂವಿನ ಕುಂಡ ಹೇಗೆ ಕಾಣಬಹುದೆಂದು ಯೋಚಿಸಿದೆ. ಚೆಂದವೇ ಕಾಣುತ್ತಿತ್ತು. ಅದೇ ಹೊಟ್ಟೆ ಉರಿಸಿತು.

ಮರುದಿನ ಬೆಳಗ್ಗೆ ಕಾರಣವಿಲ್ಲದೆ ಅಜ್ಜನಿದ್ದಲ್ಲಿಗೆ ಹೋದೆ. ಮನಸ್ಸಿನಲ್ಲಿದ್ದದ್ದು ಇಷ್ಟೇ: ಮುಖ ಇನ್ನೊಮ್ಮೆ ನೋಡಿಬರೋಣ. ಕಬ್ಬು ಕಡಿದ ಹೊಲವೊಂದರಲ್ಲಿ ಕುರಿ ತರುಬಿ ಮೇಯಲು ಬಿಟ್ಟಿದ್ದ. ಹೊಳೆಯ ಕಡೆಯಿಂದ ಥಂಡಿ ಗಾಳಿ. ಅಜ್ಜ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತು, ಹೊಸ ಕಂಬಳಿಯನ್ನು ತಲೆಯ ಮೇಲಿಂದ ಕೊಪ್ಪೆ ಹಾಕಿ ಮೂಗಿನವರೆಗೆ ಎಳೆದುಕೊಂಡಿದ್ದ. ಮೀಸೆ ಕಾಣುತ್ತಿರಲಿಲ್ಲ.

“ಯಜ್ಜಾ, ಕುರಿ ಎಷ್ಟ ಅದಾವು?”

“ಎಣಸೂದಿಲ್ಲೋ ಮಗನ. ಯಾವ್ದು ಇಲ್ಲ ಅಂತ ನೋಡೂದು.”

ಅಷ್ಟು ಹೇಳಿ ಮತ್ತೆ ಕುರಿಗಳ ಕಡೆ ತಿರುಗಿದ. ಹ್ಞಾಂ ಕೂಡ ಇಲ್ಲ. ಕಂಬಳಿಯೊಳಗಿಂದ ಎರಡು ಕಣ್ಣು ಹಿಂಡಿನ ಮೇಲೆ ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನಿಧಾನವಾಗಿ ಸರಿದಾಡುತ್ತಿದ್ದವು. ನಾನು ಈ ಮನುಷ್ಯನನ್ನು ಎರಡು ವಾರದಿಂದ ಊರಿಗೆಲ್ಲ ತೋರಿಸುತ್ತಿದ್ದೆ. ನಾನೇ ಇಷ್ಟು ಹೊತ್ತು ನೋಡಿರಲಿಲ್ಲ. ಬಿಸಿಲು ಏರುವವರೆಗೆ ಕೂತೆ. ಕಂಬಳಿ ಮೂಗಿನ ಮೇಲೆ ಹೇಗೆ ಮಡಿಕೆ ಬೀಳುತ್ತದೆ, ಅದರ ಕಪ್ಪು ಎಲ್ಲಿ ದಟ್ಟ, ಎಲ್ಲಿ ಕಂದು ಎಂದು ನೋಡಿದೆ. ಮೀಸೆಯ ತಗ್ಗು ಇದ್ದ ಜಾಗಕ್ಕೆ ಸರಿಯಾಗಿ ಈ ಕಂಬಳಿ ಬಂದು ಕೂರುತ್ತಿತ್ತು.

ಸರ್‌ಗೆ ಹೇಳಿದೆ: “ಮೀಸಿ ಬ್ಯಾಡ್ರಿ. ಕಂಬಳಿ ಹೊದಸತೇನಿ.”

“ಮೀಸಿ ಬಿಟ್ರ ನಗೂದಕ್ಕ ಏನೈತಿ ಅದರಾಗ?”

“ಏನೂ ಇಲ್ರಿ.”

ಸರ್ ರಾಳದ ಡಬ್ಬಿ ತೆಗೆದುಕೊಟ್ಟರು.

ತಗ್ಗಿಗೆ ಮಸಿ ಹಿಡಿಯುವಂತೆ ಮಾಡಲು ಒಂದು ಉಪಾಯವಿದೆ. ರಾಳವನ್ನು ಕುಟ್ಟಿ ನುಣ್ಣಗೆ ಪುಡಿಮಾಡಿ, ಅರಿವೆಯ ಗಂಟು ಕಟ್ಟಿ, ತಗಡಿನ ಮೇಲೆ ತಟ್ಟಬೇಕು. ಪುಡಿ ಹಿಮದಂತೆ ಕೂರುತ್ತದೆ. ಕೆಳಗಿನಿಂದ ಬಿಸಿ ಕೊಟ್ಟರೆ ಪ್ರತಿ ಕಣವೂ ಕರಗಿ ಗಾಜಿನ ಹನಿಯಾಗಿ ಅಂಟುತ್ತದೆ. ಈಗ ದ್ರಾವಣಕ್ಕೆ ಬಿಟ್ಟರೆ ಹನಿಗಳ ನಡುನಡುವೆ ಮಾತ್ರ ತಿನ್ನುತ್ತದೆ. ತಗ್ಗಿನ ತಳ ಸಣ್ಣ ಮರಳಿನಂತೆ ಒರಟಾಗುತ್ತದೆ. ಒರಟು ನೆಲದಲ್ಲಿ ಮಸಿ ನಿಲ್ಲುತ್ತದೆ, ಅಚ್ಚಿನಲ್ಲಿ ಮಖಮಲ್ಲಿನಂಥ ಕಪ್ಪು ಬರುತ್ತದೆ. ಕಂಬಳಿಗೆ ಅದಕ್ಕಿಂತ ಒಪ್ಪುವುದು ಇನ್ನೊಂದಿಲ್ಲ.

ತಗ್ಗಿನ ಚೂಪು ಅಂಚುಗಳನ್ನು ನಾಲ್ಕು ದಿನ ಉಜ್ಜಿ ಮಡಿಕೆಗಳಾಗಿ ತಿದ್ದಿದೆ. ಮುಖಕ್ಕೆ ವಾರ್ನಿಷ್ ಬಳಿದು ಮುಚ್ಚಿ, ರಾಳ ಹಾಕಿ, ತಗಡನ್ನು ಇಳಿಬಿಟ್ಟೆ. ಈ ಸಲ ಗೋಡೆ ಗಡಿಯಾರದ ಕೆಳಗೆ ಅವ್ವನನ್ನು ಕೂರಿಸಿದ್ದೆ. ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದನ್ನು ನೋಡಿ ಅವಳು ಎರಡು ಸಲ ಮೈ ಹುಷಾರಿದೆಯೇ ಎಂದು ಕೇಳಿದಳು.

ಇನ್ನು ಕಾಗದ. ಅಚ್ಚಿನ ಹಿಂದಿನ ದಿನ ಹಾಳೆಗಳನ್ನು ನೀರಲ್ಲಿ ಅದ್ದಿ, ಒಂದರ ಮೇಲೊಂದು ಪೇರಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಡಬೇಕು. ತೇವ ಎಲ್ಲ ಕಡೆ ಸಮನಾಗುತ್ತದೆ. ಉಳಿದಿದ್ದ ಹದಿಮೂರು ಹಾಳೆಯನ್ನು ಹಾಗೇ ಇಟ್ಟು, ಮಸಿ ತರಲು ಹೋದೆ. ಬಂದು ನೋಡಿದರೆ ನೂಲು ಒಣಗಿಸುವ ಹಗ್ಗದ ಮೇಲೆ ಹದಿಮೂರೂ ಗಾಳಿಗೆ ಹಾರಾಡುತ್ತಿವೆ.

“ಒದ್ದಿ ಆಗಿದ್ದೂವು ಅಂತ ಒಣಾ ಹಾಕೀನಿ ಅಪ್ಪಾ. ಪ್ಲಾಸ್ಟಿಕ್ಕಿನಾಗ ಮುಗ್ಗ ಹಿಡಿತಿದ್ದೂವು” ಎಂದಳು ಅವ್ವ, ಶಾಬಾಸ್‌ಗೆ ಕಾಯುತ್ತಾ. ಹಸಿ ನೂಲು ಕಂಡರೆ ಹಗ್ಗಕ್ಕೆ ಹಾಕುವ ಕೈ, ಅವಳಿಗೆ ಏನೆನ್ನಲಿ? ಎರಡು ಹಾಳೆ ಹರಿದಿದ್ದವು. ಒಂದಕ್ಕೆ ಹಗ್ಗದ ಗೆರೆ ಮಡಿಕೆಯಾಗಿ ಬಿದ್ದಿತ್ತು. ಅದನ್ನು ಬದಿಗಿಟ್ಟೆ. ಉಳಿದದ್ದು ಎಣಿಸಿ ಹತ್ತು, ಅವನ್ನು ಮತ್ತೆ ನೆನೆಸಿ ಸುತ್ತಿಟ್ಟೆ.

ಹತ್ತು ಹಾಳೆ, ಹತ್ತು ಅಚ್ಚು. ಎಡವಲು ಜಾಗವಿಲ್ಲ. ಮರುದಿನ ಸರ್ ಅವರ ಕೋಣೆಯಲ್ಲಿ ನಾನೊಬ್ಬನೇ ಬೆಳಗಿನಿಂದ ಸಂಜೆಯವರೆಗೆ ತೆಗೆದೆ. ಅಣಕಿಸುವವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಒಂದೇ ದನಿಯನ್ನು ಎರಡನೇ ಸಲ ತೆಗೆಯುವಾಗಲೇ ನಾನು ಏನಾದರೂ ಮಸಾಲೆ ಸೇರಿಸುತ್ತೇನೆ. ಇಲ್ಲಿ ಹತ್ತು ಸಲ ಅಷ್ಟೇ ಮಸಿ, ಅಷ್ಟೇ ಒರೆತ. ಒಂಬತ್ತು ಒಪ್ಪವಾಗಿ ಬಂದವು. ಹತ್ತನೆಯದಕ್ಕೆ ತೋಳು ಸೋತಿತ್ತು. ಒಂದು ಕೈ ಹೆಚ್ಚು ಒರೆಸಿಬಿಟ್ಟೆ. ಕಂಬಳಿಯ ಒಂದು ಮಡಿಕೆ ಹೆಬ್ಬೆರಳಗಲ ಬಿಳಿಚಿಕೊಂಡಿತು.

ಕಾಗದ ಒಣಗಿದ ಮೇಲೆ ಬ್ರಷ್ಷು ತೆಗೆದೆ. ಅದೇ ಮಸಿ ತೆಳ್ಳಗೆ ಮಾಡಿ ಚುಕ್ಕೆ ಚುಕ್ಕೆಯಾಗಿ ತುಂಬಿದೆ. ಇನ್ನೊಬ್ಬರ ಕೈಬರಹ, ಇನ್ನೊಬ್ಬರ ದನಿ, ಇನ್ನೊಬ್ಬರ ನಡಿಗೆ ಎಲ್ಲ ತೆಗೆಯುವವನು ನಾನು. ಅಚ್ಚಿನ ದನಿ ತೆಗೆಯಲಾರೆನೇ? ಮುಗಿದಾಗ ಹತ್ತರಲ್ಲಿ ಅದು ಯಾವುದೆಂದು ನನಗೇ ಒಂದು ಕ್ಷಣ ತಿಳಿಯಲಿಲ್ಲ. ಖುಷಿಯೂ ಆಯಿತು, ಮಾಡಿದ್ದು ಸರಿಯಲ್ಲವೆಂದೂ ಅನಿಸಿತು. ಖುಷಿಯ ಕಡೆಗೇ ಹೆಚ್ಚು ಗಮನ ಕೊಟ್ಟೆ.

ಸೋಮವಾರ. ಟೆಂಪೊ ಓಣಿಯ ಬಾಯಿಗೆ ಬಂದು ನಿಂತಿತ್ತು. ಡ್ರೈವರ್ ಚಹಾ ಕುಡಿಯುತ್ತಿದ್ದ. ಅಜ್ಜನೂ ಬಂದಿದ್ದ, ತನ್ನ ಹಳೆಯ ಕಂಬಳಿ ಒಯ್ಯಲು. ತಿದ್ದಿದ್ದನ್ನು ನಡುವೆ ಸೇರಿಸಿ, ಹತ್ತೂ ಅಚ್ಚನ್ನು ಮೇಜಿನ ಮೇಲೆ ಸಾಲಾಗಿ ಇಟ್ಟೆ. ಸರ್ ಒಂದು ಕಣ್ಣಿಗೆ ಆಪರೇಷನ್ ಮಾಡಿಸಿಕೊಂಡಿದ್ದರು, ಇನ್ನೊಂದಕ್ಕೆ ಮಾಡಿಸಬೇಕಿತ್ತು. ಒಂದೊಂದನ್ನೇ ಮೂಗಿನ ಹತ್ತಿರ ಹಿಡಿದು ನೋಡಿದರು.

“ಛಲೋ ಅದಾವು. ಹತ್ತೂ ಛಲೋ ಅದಾವು.”

ಗೆದ್ದೆ ಎಂದುಕೊಂಡೆ.

ಅಜ್ಜ ಮೇಜಿನ ಹತ್ತಿರ ಬಂದ. ತನ್ನ ಮುಖ ನೋಡಿಕೊಳ್ಳುತ್ತಾನೆ ಎಂದುಕೊಂಡರೆ ಮುಖದ ಕಡೆ ನೋಡಲೇ ಇಲ್ಲ. ಕಂಬಳಿಯ ಮೇಲೆ ಹೆಬ್ಬೆರಳು ಇಟ್ಟು ಸವರಿದ. ಎರಡನೆಯದು ಸವರಿದ. ಮೂರನೆಯದು. ಹೀಗೆ ಸಾಲಿನುದ್ದಕ್ಕೂ, ಸಂತೆಯಲ್ಲಿ ಕಂಬಳಿ ಪರೀಕ್ಷೆ ಮಾಡುವವನಂತೆ. ಏಳನೆಯದರ ಮೇಲೆ ಬೆರಳು ನಿಂತಿತು. ಹಿಂದೆ ಸರಿದು ಮತ್ತೆ ಬಂತು.

“ಹ್ಞಾಂ. ಮಾಸ್ತರ, ಈ ಮರಿ ಈ ತಾಯಿದಲ್ಲ.”

“ಅಂದ್ರ?”

“ಉಳಿದದ್ದರಾಗ ಉಣ್ಣಿ ಎದ್ದೈತಿ. ಇದರಾಗ ಇಲ್ಲೆ, ಈ ಮಡಿಕ್ಯಾಗ, ಮಕ್ಕೊಂಡೈತಿ. ಯಾರೋ ಮ್ಯಾಲ ಬಳದಾರ.”

ಅಚ್ಚಿನ ಗುಟ್ಟೇ ಅದು. ಪ್ರೆಸ್ಸಿನಲ್ಲಿ ಕಾಗದ ತಗಡಿನ ತಗ್ಗಿಗೆ ಇಳಿದು ಮಸಿ ಎತ್ತುತ್ತದೆ. ಹಾಗಾಗಿ ಪ್ರತಿ ಗೀಟೂ ಕಾಗದದ ಮೇಲೆ ಕೂದಲೆಳೆಯಷ್ಟು ಎದ್ದು ನಿಲ್ಲುತ್ತದೆ. ಬ್ರಷ್ಷಿನ ಮಸಿ ಸುಮ್ಮನೆ ಮಲಗಿರುತ್ತದೆ. ಆರು ವರ್ಷ ಕಲಿತವನು ಕಣ್ಣಿಗಾಗಿ ಮೋಸ ಮಾಡಿದ್ದೆ. ಹೆಬ್ಬೆರಳನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

ಸರ್ ನನ್ನ ಕಡೆ ನೋಡಿದರು.

“ಹಂಗಲ್ರೀ ಸರ್, ಹಂಗ…” ಮುಂದೆ ಸಾಗಲಿಲ್ಲ. “ಹೌದ್ರಿ. ಒಂಬತ್ತ ಬಂದಾವು. ಅದನ್ನ ನಾ ಬ್ರಷ್‌ನಿಂದ ತಿದ್ದೀನಿ.”

ಹೊರಗೆ ಡ್ರೈವರ್ ಹಾರ್ನ್ ಹೊಡೆದ. ಸರ್ ಏಳನೆಯ ಹಾಳೆಯನ್ನು ತೆಗೆದು ಎರಡು ತುಂಡು ಮಾಡಿ ಮೇಜಿನ ಕೆಳಗೆ ಇಟ್ಟರು. ಸಿಟ್ಟಿರಲಿಲ್ಲ, ಆತುರವೂ ಇರಲಿಲ್ಲ.

“ಕಾಗದ ಐತಿ?”

ಹಗ್ಗದ ಗೆರೆ ಬಿದ್ದ ಹಾಳೆ ಚೀಲದಲ್ಲೇ ಇತ್ತು. “ಒಂದ ಐತ್ರಿ. ಮಡಿಕಿ ಬಿದ್ದೈತಿ.”

“ನೀರಾಗ ಹಾಕು. ಟೆಂಪೊ ಇನ್ನೂ ಹೋಗಿಲ್ಲ.”

ಹಾಳೆ ನೆನೆಯುವವರೆಗೆ ತಗಡು ಬಿಸಿಮಾಡಿದೆ. ಮಸಿ ತೀಡಿದೆ. ಗಂಜಿ ಅರಿವೆಯಿಂದ ಒರೆಸಿದೆ, ಸುತ್ತು ಸುತ್ತಾಗಿ, ಕಂಬಳಿಯ ಮೇಲೆ ಹಗುರವಾಗಿ. ಡ್ರೈವರ್ ಬಾಗಿಲಲ್ಲಿ ಬಂದು ನಿಂತ. ಅಜ್ಜ ಮೂಲೆಯಲ್ಲಿ ಕೋಲಿಗೆ ಗದ್ದ ಊರಿ ನಿಂತ. ಮೂವರು ನೋಡುವವರಿದ್ದರು, ನನ್ನ ಬಾಯಿಂದ ಒಂದು ದನಿಯೂ ಹೊರಡಲಿಲ್ಲ. ಹತ್ತನೆಯದನ್ನು ಒಂಬತ್ತರಂತೆ ಮಾಡಬೇಕೆಂದು ಆಗ ಯೋಚಿಸಲೂ ಇಲ್ಲ. ಕಂಬಳಿಯ ಆ ಮಡಿಕೆಯಲ್ಲಿ ಎಷ್ಟು ಮಸಿ ಉಳಿಯಬೇಕು ಎಂಬುದಿಷ್ಟೇ ಕಣ್ಣ ಮುಂದಿತ್ತು. ಹಾಳೆಯನ್ನು ಬ್ಲಾಟಿಂಗ್ ಕಾಗದದಿಂದ ಒತ್ತಿ, ತಗಡಿನ ಮೇಲೆ ಇಳಿಸಿ, ಹಳೆಯ ಕಂಬಳಿ ಹೊದಿಸಿದೆ. ಚಕ್ರ ತಿರುಗಿತು. ಕಿರ್ರ್, ಕಟ್, ಕಿರ್ರ್. ಆ ದನಿ ಪ್ರೆಸ್ಸೇ ಮಾಡಿತು.

ಹಾಳೆ ಎತ್ತಿದಾಗ ಹಗ್ಗದ ಮಡಿಕೆ ಉರುಳೆಯ ಭಾರಕ್ಕೆ ಮಾಯವಾಗಿತ್ತು. ಅಜ್ಜ ಹೆಬ್ಬೆರಳು ಚಾಚಿದ.

“ತಡಿ ಮಾರಾಯಾ, ಹಸೀ ಐತಿ!” ಎಂದರು ಸರ್.

ಅಜ್ಜ ಒಂದು ಗಳಿಗೆ ಯೋಚಿಸಿ ಹಾಳೆಯನ್ನು ಹಗುರಾಗಿ ಎತ್ತಿ ಹಿಡಿದ. ಹಿಂದಿನಿಂದ ಕೈ ಹಾಕಿ, ಕುರಿ ಕೊಳ್ಳುವಾಗ ಬೆನ್ನು ಮುಟ್ಟಿ ನೋಡುವಂತೆ, ಕಾಗದದ ಬೆನ್ನನ್ನು ಸವರಿದ. ಮುಂದೆ ಎದ್ದ ಪ್ರತಿ ಗೀಟಿಗೂ ಹಿಂದೆ ಒಂದು ತಗ್ಗು ಇರುತ್ತದೆ. ಅವನ ಬೆರಳು ಹೋಗಿ ಬಂತು, ಹೋಗಿ ಬಂತು.

“ಹ್ಞಾಂ” ಎಂದ. ಇಷ್ಟೇ. ಆಮೇಲೆ ಪ್ರೆಸ್ಸಿನ ಮೇಲಿನ ತನ್ನ ಕಂಬಳಿಯನ್ನು ತೆಗೆದು ಝಾಡಿಸಿ ಹೆಗಲಿಗೆ ಹಾಕಿಕೊಂಡು, ಹೊಸದನ್ನು ಅದರ ಜಾಗದಲ್ಲಿ ಇಟ್ಟ. “ಇದರ ಸೊಕ್ಕು ನೀ ಮುರಿ” ಎಂದ ನನಗೆ.

ಡ್ರೈವರ್ ಕೈಗಡಿಯಾರ ನೋಡಿದ. “ಸರ್, ಎತ್ತಸೋಣೇನ್ರಿ? ಕೊಲ್ಲಾಪುರ ಮುಟ್ಟಬೇಕ್ರಿ.”

ಸರ್ ಒಂಬತ್ತು ಹಾಳೆಗಳ ಪಕ್ಕಕ್ಕೆ ಹಸಿ ಹತ್ತನೆಯದನ್ನು ಇಟ್ಟರು. ಕನ್ನಡಕ ತೆಗೆಯಲಿಲ್ಲ, ಗಂಟಲು ಸರಿಮಾಡಿಕೊಳ್ಳಲಿಲ್ಲ. ಬಲಗೈಯನ್ನು ಕುತ್ತಿಗೆಯ ಹಿಂದೆ ಒಯ್ದು ಪರಪರನೆ ಕೆರೆದುಕೊಂಡರು, ಒಂದು ಹೆಗಲು ಮೇಲೆ ಮಾಡಿದರು, ಮತ್ತು ನಾನು ಹಿಂದೆಂದೂ ಅವರ ಬಾಯಿಂದ ಕೇಳದ ಒಂದು ಗಡಿಬಿಡಿಯ ತೆಳು ದನಿಯಲ್ಲಿ ಹೇಳಿದರು:

“ಹಂಗಲ್ರೀ, ಹಂಗಲ್ಲ… ಗಾಡಿ ಬನಹಟ್ಟಿಗೆ ಹೊಡೀರಿ.”

ಡ್ರೈವರ್ ನಕ್ಕ. ಕೋಣೆಯಲ್ಲಿ ನನ್ನೊಬ್ಬನಿಗೇ ಅದು ಯಾರ ದನಿಯೆಂದು ತಿಳಿಯಲು ಹೊತ್ತು ಹಿಡಿಯಿತು. ಕೈ ತಾನಾಗಿಯೇ ಕುತ್ತಿಗೆಯ ಹಿಂದೆ ಹೋಗಿತ್ತು. ತೆಗೆದು ನೋಡಿದರೆ ಬೆರಳಿನ ತುಂಬ ಮಸಿ.

“ಯಜ್ಜಾ, ನಾ ಖರೇನ ಹಂಗ ಮಾತಾಡತೇನು?” ಎಂದು ಕೇಳಿದೆ.

ಅಜ್ಜ ಎಡಮೀಸೆ ತಿರುವಿದ. “ಬೆನ್ನು ಮುಟ್ಟಿ ನೋಡೂದ ಬ್ಯಾಡ. ಥೇಟ್ ನೀನ.”